ಮನೆಯೊಳಗಿನ ಮಾತು ಹೊರಗೆ ಹೋಗುತ್ತಿದೆ: ಕದ್ದಾಲಿಸುವ ಸಾಧನವನ್ನು ಹುಡುಕುವುದು ಹೇಗೆ?

ಕಲ್ಪತರು ನಾಡು ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ನಮ್ಮದೊಂದು ಹಳೆಯ ತೊಟ್ಟಿಮನೆ ಇದೆ. ತಂದೆಯವರ ಕಾಲದಲ್ಲೇ ನಡುಗೋಡೆ ಹಾಕಿ ಅದನ್ನು ಎರಡು ಪಾಲು ಮಾಡಲಾಗಿದ್ದು, ಒಂದರಲ್ಲಿ ನಾನು, ನನ್ನ ಹೆಂಡತಿ ಮತ್ತು ಅಮ್ಮ ಇದ್ದೇವೆ, ಇನ್ನೊಂದರಲ್ಲಿ ದೊಡ್ಡಪ್ಪನ ಮಗನ ಸಂಸಾರವಿದೆ. ತೆಂಗಿನ ತೋಟದ ಗಡಿಯ ವಿಚಾರವಾಗಿ ಎರಡು ವರ್ಷಗಳಿಂದ ನಮ್ಮಿಬ್ಬರ ನಡುವೆ ದಾವೆ ನಡೆಯುತ್ತಿದೆ.

ಕಳೆದ ನಾಲ್ಕು ತಿಂಗಳಿಂದ ನಮ್ಮ ಮನೆಯಲ್ಲಿ ಆಡಿದ ಮಾತು ಆ ಕಡೆಗೆ ತಿಳಿಯುತ್ತಿದೆ. ನಮ್ಮ ವಕೀಲರು ಒಂದು ಭಾನುವಾರ ಮನೆಗೇ ಬಂದು, ಯಾವ ಹಳೆಯ ಪತ್ರವನ್ನು ಹಾಜರುಪಡಿಸಬೇಕು ಎಂಬುದನ್ನು ಹಜಾರದಲ್ಲಿ ಕುಳಿತು ವಿವರಿಸಿ ಹೋದರು. ಮುಂದಿನ ವಾಯಿದೆಯ ಹೊತ್ತಿಗೆ ಎದುರು ಪಕ್ಷದವರು ಅದೇ ಪತ್ರಕ್ಕೆ ತಕರಾರು ಸಿದ್ಧಪಡಿಸಿಕೊಂಡಿದ್ದರು. ಕೊಬ್ಬರಿಯನ್ನು ಯಾವ ಮಂಡಿಗೆ ಹಾಕುತ್ತೇವೆ ಎಂಬ ಮಾತು ಕೂಡ ಹೊರಗೆ ಹೋಗಿದೆ. ಹೇಳಿದವರು ಯಾರೂ ಇಲ್ಲ. ಆ ಮಾತು ನಡೆದಾಗ ನಾವು ಮೂವರು ಮತ್ತು ವಕೀಲರಷ್ಟೇ ಇದ್ದೆವು. ಅಮ್ಮ ಎಂದಿನಂತೆ ಮಡಿಲಲ್ಲಿ ಫೋನು ಇಟ್ಟುಕೊಂಡು ಪ್ರವಚನ ಕೇಳುತ್ತಾ ಒರಗು ಕುರ್ಚಿಯಲ್ಲಿದ್ದರು.

ನನ್ನ ಅನುಮಾನಕ್ಕೆ ಇನ್ನೊಂದು ಕಾರಣವಿದೆ. ನಡುಗೋಡೆಯ ಗೂಡಿನಲ್ಲಿ ತಂದೆಯವರ ಹಳೆಯ ರೇಡಿಯೊ ಇದೆ. ಅದು ಹಾಡುತ್ತಿರುವಾಗ ಕೆಲವೊಮ್ಮೆ ‘ಟರ್‌ರ್ ಟರ್‌ರ್ ಟರ್‌ರ್’ ಎಂಬ ಕರ್ಕಶ ಸದ್ದು ನಾಲ್ಕಾರು ಸೆಕೆಂಡು ಬಂದು ನಿಲ್ಲುತ್ತದೆ. ಮೊದಲು ಮೊಬೈಲ್ ಫೋನನ್ನು ಸ್ಪೀಕರಿನ ಬಳಿ ಇಟ್ಟಾಗ ಬರುತ್ತಿದ್ದಂಥದ್ದೇ ಸದ್ದು, ಆದರೆ ಆಗ ನಮ್ಮ ಫೋನುಗಳು ಯಾವುವೂ ಅದರ ಹತ್ತಿರ ಇರುವುದಿಲ್ಲ. ದೀಪಾವಳಿಗೆ ಮುಂಚೆ ಸುಣ್ಣಬಣ್ಣ ಮಾಡಿಸಿ ಕೆಲವು ಸ್ವಿಚ್ ಬೋರ್ಡುಗಳನ್ನು ಬದಲಾಯಿಸಿದ್ದೇವೆ. ಅಂತರ್ಜಾಲದಲ್ಲಿ 2,800 ರೂಪಾಯಿಗೆ ಗುಪ್ತ ಸಾಧನ ಪತ್ತೆ ಮಾಡುವ ಯಂತ್ರವೊಂದು ಸಿಗುತ್ತದೆ. ಅದನ್ನು ಕೊಳ್ಳಬಹುದೇ? ಎಲ್ಲಿಂದ ಹುಡುಕಲು ಆರಂಭಿಸಬೇಕು? ಅಮ್ಮನಿಗೆ ಮಾತಾಡಲೇ ಭಯವಾಗಿ ಈಗ ಅಡುಗೆಮನೆಯಲ್ಲೂ ಪಿಸುಗುಡುತ್ತಾರೆ. ಅದನ್ನು ನೋಡಲಾಗದೆ ಇಲ್ಲಿ ಕೇಳುತ್ತಿದ್ದೇನೆ.

ಹಳೇ ಎಕ್ಸ್‌ಚೇಂಜ್ ಅವರ ಉತ್ತರ:

ದೂರಸಂಪರ್ಕದ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನು ನಾನು. ಆ ಯಂತ್ರವನ್ನು ಸದ್ಯಕ್ಕೆ ಕೊಳ್ಳಬೇಡಿ. ಅಷ್ಟು ಬೆಲೆಯ ಯಂತ್ರಗಳು ಸುತ್ತಲಿನ ರೇಡಿಯೊ ತರಂಗದ ಒಟ್ಟು ಬಲವನ್ನಷ್ಟೇ ಅಳೆದು ಕೂಗುತ್ತವೆ; ಆ ತರಂಗ ಯಾವುದರದು ಎಂದು ಹೇಳುವ ಶಕ್ತಿ ಅವುಗಳಿಗಿಲ್ಲ. ನಿಮ್ಮ ವೈಫೈ ರೂಟರಿಗೂ ಕೂಗುತ್ತದೆ, ಪಕ್ಕದ ಮನೆಯವರ ಫೋನಿಗೂ ಕೂಗುತ್ತದೆ. ಅದಕ್ಕೆ ಜೋಡಿಸಿರುವ ಕೆಂಪು ದೀಪ ಕ್ಯಾಮೆರಾದ ಮಸೂರ ಹುಡುಕುವುದಕ್ಕೇ ಹೊರತು ಮೈಕಿಗೆ ಅದರಿಂದ ಪ್ರಯೋಜನವಿಲ್ಲ. ಫೋನಿಗೆ ಹಾಕಿಕೊಳ್ಳುವ ‘ಬಗ್ ಡಿಟೆಕ್ಟರ್’ ಆಪ್‌ಗಳಂತೂ ಹೆಚ್ಚಾಗಿ ದಿಕ್ಸೂಚಿಯ ಸಂವೇದಕವನ್ನು ನಂಬಿ ನಡೆಯುವಂಥವು. ಗೋಡೆಯಲ್ಲಿ ಕಬ್ಬಿಣದ ಮೊಳೆಯಿದ್ದರೂ ಸಾಧನವಿದೆ ಎನ್ನುತ್ತವೆ.

ನಿಮ್ಮ ರೇಡಿಯೊದ ಸದ್ದನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅದು 2ಜಿ ಮೊಬೈಲ್ ಜಾಲದ ಗುರುತು. 2ಜಿ ಸಾಧನ ಮಾತನ್ನು ಒಂದೇ ಸಮನೆ ಕಳುಹಿಸದೆ ಸೆಕೆಂಡಿಗೆ ಸುಮಾರು 217 ಸಲ ಚಿಮ್ಮಿ ಚಿಮ್ಮಿ ಕಳುಹಿಸುತ್ತದೆ. ಆ ಚಿಮ್ಮುವಿಕೆಯನ್ನು ಹಳೆಯ ರೇಡಿಯೊದ ಆಂಪ್ಲಿಫೈಯರ್ ಹಿಡಿದು ನಮಗೆ ಕೇಳಿಸುತ್ತದೆ. 4ಜಿ ಸಾಧನ ಹೀಗೆ ಸದ್ದು ಮಾಡುವುದಿಲ್ಲವಾದ್ದರಿಂದ ರೇಡಿಯೊ ಸುಮ್ಮನಿದ್ದರೆ ಮನೆ ಶುದ್ಧವಾಗಿದೆ ಎಂದು ಅರ್ಥವಲ್ಲ, ಆದರೆ ಸದ್ದು ಬಂದರೆ ಒಂದೆರಡು ಮೀಟರಿನೊಳಗೆ ಸಿಮ್ ಹಾಕಿದ ಯಾವುದೋ 2ಜಿ ವಸ್ತು ಇದೆ ಎಂದು ಹೆಚ್ಚುಕಡಿಮೆ ಹೇಳಬಹುದು. ಬೆಂಕಿಪೊಟ್ಟಣದಷ್ಟು ಚಿಕ್ಕದಾದ, ಸಿಮ್ ಹಾಕಿ ಬಿಟ್ಟರೆ ಯಾರಾದರೂ ಆ ಸಂಖ್ಯೆಗೆ ಕರೆ ಮಾಡಿದೊಡನೆ ತಾನೇ ಕರೆ ಸ್ವೀಕರಿಸಿ ಕೋಣೆಯ ಮಾತನ್ನು ಕೇಳಿಸುವ ಸಾಧನಗಳು ಅಗ್ಗದ ಬೆಲೆಗೆ ಸಿಗುತ್ತವೆ. ಆದ್ದರಿಂದ ಒಂದು ನೋಟ್‌ಬುಕ್ಕನ್ನು ರೇಡಿಯೊ ಪಕ್ಕದಲ್ಲಿಟ್ಟು, ಸದ್ದು ಬಂದ ದಿನ, ಗಂಟೆ, ನಿಮಿಷ ಎಲ್ಲವನ್ನೂ ಹತ್ತು ದಿನ ಬರೆದಿಡಿ. ನೀವು ಮಾತಾಡುವ ಹೊತ್ತಿಗೆ ಸದ್ದು ಬರುತ್ತದೆಯೋ, ಅಥವಾ ನಿಮ್ಮ ಮಾತಿಗೆ ಸಂಬಂಧವೇ ಇಲ್ಲದ ಬೇರೆ ಯಾವುದೋ ಲೆಕ್ಕದಲ್ಲಿ ಬರುತ್ತದೆಯೋ ಎಂಬುದು ಆ ಪುಸ್ತಕದಿಂದ ತಿಳಿಯುತ್ತದೆ. ರೇಡಿಯೊವನ್ನು ಕೈಯಲ್ಲಿ ಹಿಡಿದು ಬೇರೆ ಬೇರೆ ಗೋಡೆಗಳ ಬಳಿಗೂ ಒಯ್ದು ನೋಡಿ.

ಹುಡುಕುವಾಗ ಮನಸ್ಸಿನಲ್ಲಿ ಇರಬೇಕಾದ ವಿಷಯ ಇಷ್ಟೇ: ಯಾವ ಕದ್ದಾಲಿಕೆ ಸಾಧನಕ್ಕೂ ವಿದ್ಯುತ್ತು ಬೇಕು, ಕೇಳಿದ ಮಾತು ಹೊರಗೆ ಹೋಗಲು ಒಂದು ದಾರಿ ಬೇಕು, ಅದನ್ನು ಅಲ್ಲಿ ಇಡಲು ಒಂದು ಕೈ ಬೇಕು. ಬ್ಯಾಟರಿಯ ಸಾಧನ ಸುಮ್ಮನೆ ಕಾದು ಕುಳಿತರೆ ಕೆಲವು ದಿನ, ಸತತವಾಗಿ ಮಾತು ಕಳುಹಿಸಿದರೆ ಕೆಲವೇ ಗಂಟೆ ಬಾಳುತ್ತದೆ. ನಾಲ್ಕು ತಿಂಗಳು ನಡೆದಿದೆ ಎಂದರೆ ಒಂದೋ ಅದು ಮನೆಯ ಕರೆಂಟಿನಿಂದಲೇ ನಡೆಯುತ್ತಿದೆ, ಇಲ್ಲವೇ ಯಾರೋ ಮತ್ತೆ ಮತ್ತೆ ಬಂದು ಅದನ್ನು ಮುಟ್ಟುತ್ತಿದ್ದಾರೆ, ಇಲ್ಲವೇ ನೀವೇ ಅದಕ್ಕೆ ದಿನವೂ ಚಾರ್ಜು ಹಾಕುತ್ತಿದ್ದೀರಿ. ಸಿಮ್ ಇಲ್ಲದ, ಬರೀ ದನಿಮುದ್ರಣ ಮಾಡಿಟ್ಟುಕೊಳ್ಳುವ ರೆಕಾರ್ಡರ್ ಯಾವ ತರಂಗವನ್ನೂ ಹೊರಸೂಸುವುದಿಲ್ಲ. ಅದನ್ನು ಕಣ್ಣು ಮತ್ತು ಕೈಯಿಂದಲೇ ಹುಡುಕಬೇಕು. ಎಲೆಕ್ಟ್ರಾನಿಕ್ ಸಾಧನಗಳ ಒಳಗಿರುವ ಅರೆವಾಹಕಗಳನ್ನೇ ಪತ್ತೆಹಚ್ಚುವ ಯಂತ್ರವೊಂದು ಇದೆ. ತಾನೊಂದು ತರಂಗ ಬಿಟ್ಟು, ಅದರ ಇಮ್ಮಡಿ ಆವರ್ತನದ ಮರುದನಿ ಬರುತ್ತದೆಯೇ ಎಂದು ಅದು ನೋಡುವುದರಿಂದ ಬ್ಯಾಟರಿ ಸತ್ತ ಸಾಧನವೂ ಸಿಕ್ಕಿಬೀಳುತ್ತದೆ. ಆದರೆ ಅದರ ಬೆಲೆ ಹಲವು ಲಕ್ಷ, ಅದನ್ನು ಹಿಡಿದವನಿಗೆ ಅನುಭವವೂ ಬೇಕು.

ಯಂತ್ರ ಸುಮ್ಮನಿದೆ ಎಂದ ಮಾತ್ರಕ್ಕೆ ಏನೂ ಇಲ್ಲವೆಂದು ತಿಳಿಯಬಾರದು ಎಂಬುದಕ್ಕೆ ನಮ್ಮ ವೃತ್ತಿಯಲ್ಲಿ ಎಲ್ಲರೂ ಹೇಳುವ ಪ್ರಸಂಗವೊಂದಿದೆ. 1945ರಲ್ಲಿ ಸೋವಿಯತ್ ಬಾಲಕರ ತಂಡವೊಂದು ಅಮೆರಿಕದ ರಾಯಭಾರಿ ಹ್ಯಾರಿಮನ್ ಅವರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ಲಾಂಛನವನ್ನು ಕಾಣಿಕೆಯಾಗಿ ಕೊಟ್ಟಿತು. ಅದರೊಳಗೆ ಸೋವಿಯತ್ ಸಂಶೋಧಕ ಲಿಯೊನ್ ಥೆರೆಮಿನ್ ರೂಪಿಸಿದ, ಬ್ಯಾಟರಿಯಿಲ್ಲದ, ತೆಳು ಪೊರೆ ಹೊದಿಸಿದ ಲೋಹದ ಡಬ್ಬಿಯಿತ್ತು. ಹೊರಗಿನಿಂದ ರೇಡಿಯೊ ತರಂಗ ಹಾಯಿಸಿದಾಗ ಮಾತ್ರ ಅದು ಕೋಣೆಯ ಮಾತನ್ನು ಹಿಂತಿರುಗಿಸುತ್ತಿತ್ತು. 1952ರಲ್ಲಿ ಸಿಕ್ಕಿಬೀಳುವವರೆಗೂ ಅದು ಮಾಸ್ಕೋದ ರಾಯಭಾರಿಯ ನಿವಾಸದ ಗೋಡೆಯ ಮೇಲೇ ತೂಗುತ್ತಿತ್ತು. ನಿಮ್ಮ ಮನೆಗೆ ಅಂಥದ್ದನ್ನು ಯಾರೂ ತರುವುದಿಲ್ಲ, ಹೆದರಬೇಡಿ. ಆದರೆ ಕಳೆದ ಆರು ತಿಂಗಳಲ್ಲಿ ಕಾಣಿಕೆಯಾಗಿ ಬಂದ ಗಡಿಯಾರ, ದೀಪ, ಚಾರ್ಜರು, ದೇವರ ಪಟ ಏನಾದರೂ ಇದ್ದರೆ ಮೊದಲು ಅವನ್ನು ನೋಡಿ.

ಕೊನೆಯದಾಗಿ ನಡುಗೋಡೆ. ಆ ಬದಿಯಲ್ಲಿ ಗೋಡೆಗೆ ಒತ್ತಿ ಹಿಡಿಯುವ ಮೈಕ್ ಇಟ್ಟರೆ ನಿಮ್ಮ ಮನೆಯಲ್ಲಿ ಹುಡುಕಿ ಸಿಗುವಂಥದ್ದು ಏನೂ ಇರುವುದಿಲ್ಲ. ಮಣ್ಣಿನ ಗೋಡೆ ಎಷ್ಟೇ ದಪ್ಪವಿದ್ದರೂ ಗೂಡು ಇರುವಲ್ಲಿ ಅದು ತೆಳುವಾಗಿರುತ್ತದೆ. ಮುಖ್ಯವಾದ ಮಾತನ್ನು ಆ ಗೋಡೆಗೆ ತಾಗದ ಕೋಣೆಯಲ್ಲಿ ಆಡಿ, ಆ ಹೊತ್ತಿಗೆ ರೇಡಿಯೊ ಗೂಡಿನಲ್ಲೇ ಹಾಡುತ್ತಿರಲಿ.

ದಾವಣಗೆರೆ ವೈರ್‌ಮನ್ ಅವರ ಉತ್ತರ:

ಮೇಲಿನವರು ಹೇಳಿದ್ದು ಸರಿ. ನನ್ನ ಕಸುಬಿನ ಮಾತು ಸ್ವಲ್ಪ ಸೇರಿಸುತ್ತೇನೆ. ಮನೆಯಲ್ಲಿ ಮೊದಲು ನೋಡಬೇಕಾದದ್ದು ಎಕ್ಸ್‌ಟೆನ್ಷನ್ ಬಾಕ್ಸುಗಳನ್ನು, ಏಕೆಂದರೆ ಅದರೊಳಗೆ ಜಾಗವೂ ಇದೆ, ಕರೆಂಟೂ ಇದೆ, ಯಾರೂ ಅನುಮಾನಪಡುವುದೂ ಇಲ್ಲ. ಏನನ್ನೂ ಸಿಕ್ಕಿಸದೆ ರಾತ್ರಿಯಿಡೀ ಆನ್ ಮಾಡಿ ಬಿಡಿ, ಬೆಳಗಿನ ಜಾವ ಅಂಗೈಯಿಟ್ಟು ನೋಡಿ. ಒಳಗೆ ಬರೀ ಹಿತ್ತಾಳೆ ಪಟ್ಟಿ ಮತ್ತು ತಂತಿ ಇದ್ದರೆ ಅದು ನೆಲದಷ್ಟೇ ತಣ್ಣಗಿರುತ್ತದೆ. ಒಂದು ಮೂಲೆ ಮಾತ್ರ ಬೆಚ್ಚಗಿದ್ದರೆ ಒಳಗೆ ಏನೋ ಕೆಲಸ ಮಾಡುತ್ತಿದೆ. ಯುಎಸ್‌ಬಿ ಕಿಂಡಿಯಿರುವ ಬಾಕ್ಸು ಸಹಜವಾಗಿಯೇ ಸ್ವಲ್ಪ ಬೆಚ್ಚಗಾಗುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಅದೇ ಕಂಪನಿಯ, ಅದೇ ಮಾದರಿಯ ಹೊಸದೊಂದನ್ನು ತಂದು ಅಡುಗೆಮನೆಯ ತಕ್ಕಡಿಯಲ್ಲಿ ಎರಡನ್ನೂ ತೂಗಿ ನೋಡುವುದೂ ಒಳ್ಳೆಯ ಉಪಾಯ.

ಸ್ವಿಚ್ ಬೋರ್ಡಿನಲ್ಲಿ ಸ್ಕ್ರೂ ತಲೆಯನ್ನು ಹತ್ತಿರದಿಂದ ನೋಡಿ. ಬಣ್ಣ ಬಳಿದ ಮೇಲೆ ಯಾರೂ ಬಿಚ್ಚಿಲ್ಲವಾದರೆ ಪ್ಲೇಟು ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ಬಣ್ಣದ ತೆಳುವಾದ ಪದರ ಹಾಗೇ ಇರುತ್ತದೆ. ಬಿಚ್ಚಿದ್ದರೆ ಆ ಗೆರೆ ಕೂದಲೆಳೆಯಷ್ಟು ಒಡೆದಿರುತ್ತದೆ, ಸ್ಕ್ರೂವಿನ ಗೀರಿನಲ್ಲಿ ಹೊಸ ಹೊಳಪು ಕಾಣುತ್ತದೆ, ಕೆಳಗಿನ ಪಟ್ಟಿಯ ಮೇಲೆ ಸುಣ್ಣದ ಪುಡಿ ಬಿದ್ದಿರುತ್ತದೆ. ಮೆಯಿನ್ ಆಫ್ ಮಾಡದೆ ಯಾವ ಬೋರ್ಡನ್ನೂ ತೆರೆಯಬೇಡಿ, ಮತ್ತು ನಿಮಗೆ ಪರಿಚಯವಿರುವ ಬೇರೆ ಊರಿನ ವೈರ್‌ಮನ್‌ನನ್ನೇ ಕರೆಸಿ. ಇನ್ನೂ ಒಂದು ದಾರಿಯಿದೆ: ಮನೆಯ ಎಲ್ಲ ಸ್ವಿಚ್ಚುಗಳನ್ನೂ ಆಫ್ ಮಾಡಿ ಮೀಟರಿನ ಕೆಂಪು ದೀಪ ಮಿನುಗುತ್ತದೆಯೇ ಎಂದು ನೋಡುವುದು.

ಹಳೇ ಎಕ್ಸ್‌ಚೇಂಜ್:

ಬೆಚ್ಚಗಿನ ಮೂಲೆಯ ಪರೀಕ್ಷೆ ಬಹಳ ಚೆನ್ನಾಗಿದೆ. ಮೀಟರಿನ ವಿಷಯದಲ್ಲಿ ಮಾತ್ರ ಒಂದು ತಿದ್ದುಪಡಿ. ಯೂನಿಟ್ಟಿಗೆ 3,200 ಸಲ ಮಿನುಗುವ ಮೀಟರಿನಲ್ಲಿ ಒಂದು ವ್ಯಾಟಿನ ಸಾಧನ ಗಂಟೆಗೆ ಮೂರು ಸಲವಷ್ಟೇ ದೀಪ ಮಿನುಗಿಸಬೇಕು, ಅಂದರೆ ಸುಮಾರು ಹತ್ತೊಂಬತ್ತು ನಿಮಿಷಕ್ಕೆ ಒಮ್ಮೆ. ಅಷ್ಟೂ ಖಚಿತವಲ್ಲ, ಏಕೆಂದರೆ ಒಂದು ಮಿತಿಗಿಂತ ಕಡಿಮೆಯ ಕರೆಂಟನ್ನು ಮೀಟರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದೀಪ ಮಿನುಗಲಿಲ್ಲವೆಂದು ನೆಮ್ಮದಿಯಿಂದ ಮಲಗುವಂತಿಲ್ಲ.

ಸಂಜೆಮಲ್ಲಿಗೆ ಅವರ ಉತ್ತರ:

ನಾನು ಮಹಿಳೆಯರ ಆಪ್ತಸಮಾಲೋಚನಾ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತೇನೆ. ಗಂಡನಿಗೆ, ನಾದಿನಿಗೆ, ಮೈದುನನಿಗೆ ತಾನು ಆಡಿದ ಮಾತೆಲ್ಲ ತಿಳಿಯುತ್ತಿದೆ ಎಂದು ಹೇಳಿಕೊಂಡು ಬಂದ ಹೆಣ್ಣುಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ಗೋಡೆ, ಬಲ್ಬು, ಫ್ಯಾನು ಎಲ್ಲವನ್ನೂ ತಡಕಿ ಸೋತವರು. ಕೇಳುವ ಕಿವಿ ಅವರ ಕೈಯಲ್ಲೇ ಇತ್ತು. ನಿಮ್ಮ ಪ್ರಶ್ನೆಯನ್ನು ಓದಿದಾಗ ನನ್ನ ಮನಸ್ಸು ನಿಂತದ್ದು ನಿಮ್ಮ ತಾಯಿಯವರ ಮಡಿಲಿನ ಫೋನಿನ ಮೇಲೆ. ನೀವೇ ದಿನವೂ ಚಾರ್ಜು ಹಾಕುತ್ತಿರಬಹುದು ಎಂದು ಹಿರಿಯರು ಮೇಲೆ ಬರೆದ ಮಾತು ಅದಕ್ಕೆ ಸರಿಯಾಗಿ ಹೊಂದುತ್ತದೆ. ಆ ಫೋನನ್ನು ಕೊಡಿಸಿದವರು ಯಾರು, ಅದರಲ್ಲಿ ಖಾತೆ ತೆರೆದುಕೊಟ್ಟವರು ಯಾರು, ರಿಪೇರಿಗೆಂದು ಒಯ್ದವರು ಯಾರು ಎಂದು ಮೆಲ್ಲಗೆ ಕೇಳಿ. ವಯಸ್ಸಾದವರನ್ನು ಗದರಿಸಬೇಡಿ, ಅದರಲ್ಲಿ ಅವರ ತಪ್ಪು ಎಳ್ಳಷ್ಟೂ ಇಲ್ಲ.

ಫೋನಿನಲ್ಲಿ ನೋಡಬೇಕಾದ ಜಾಗಗಳು ಇವು. ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಸೆಟ್ಟಿಂಗ್ಸಿನ ಪ್ರೈವಸಿ ವಿಭಾಗದಲ್ಲಿ ಕಳೆದ 24 ಗಂಟೆಗಳಲ್ಲಿ ಯಾವ ಆಪ್ ಮೈಕನ್ನು ಬಳಸಿದೆ ಎಂಬುದು ಗಂಟೆಯ ಸಹಿತ ಕಾಣುತ್ತದೆ. ಮೈಕ್ ನಡೆಯುತ್ತಿರುವಾಗ ಪರದೆಯ ಮೇಲ್ತುದಿಯಲ್ಲಿ ಹಸಿರು ಗುರುತು ಮೂಡುತ್ತದೆ. ಆಮೇಲೆ ಆಕ್ಸೆಸಿಬಿಲಿಟಿ ಮತ್ತು ಡಿವೈಸ್ ಅಡ್ಮಿನ್ ಆಪ್ಸ್ ಎಂಬಲ್ಲಿ ಯಾವುದಕ್ಕೆ ಅನುಮತಿ ಕೊಟ್ಟಿದೆ ಎಂದು ನೋಡಿ. ಗೂಢಚಾರ ಆಪ್‌ಗಳು ತಮ್ಮ ಚಿತ್ರವನ್ನು ಮರೆಮಾಡಿಕೊಂಡು, ‘ಸಿಸ್ಟಮ್ ಸರ್ವಿಸ್’ ಎಂಬಂಥ ಸಪ್ಪೆ ಹೆಸರಿನಲ್ಲಿ ಅಲ್ಲಿ ಅಡಗಿರುತ್ತವೆ. ಕೆಟ್ಟ ಆಪ್‌ಗಳನ್ನು ತಡೆಯುವ ಗೂಗಲ್‌ನ ಕಾವಲು ವ್ಯವಸ್ಥೆಯಾದ ಪ್ಲೇ ಪ್ರೊಟೆಕ್ಟ್ ಆಫ್ ಆಗಿದ್ದರೆ ಅದನ್ನು ಯಾರೋ ಬೇಕೆಂದೇ ಆಫ್ ಮಾಡಿರಬಹುದು. ವಾಟ್ಸಾಪಿನ ಲಿಂಕ್ಡ್ ಡಿವೈಸಸ್ ಪಟ್ಟಿಯನ್ನೂ ತೆರೆದು ನೋಡಿ. *#21# ಒತ್ತಿದರೆ ಕದ್ದಾಲಿಕೆ ತಿಳಿಯುತ್ತದೆ ಎಂಬ ವಾಟ್ಸಾಪ್ ಸಂದೇಶವನ್ನು ಮಾತ್ರ ನಂಬಬೇಡಿ, ಅದು ಕರೆಯನ್ನು ಬೇರೆ ಸಂಖ್ಯೆಗೆ ತಿರುಗಿಸಿದೆಯೇ ಎಂದಷ್ಟೇ ಹೇಳುವ ಸಂಕೇತ.

ಯಾವುದನ್ನೂ ತೆಗೆಯುವ ಮುಂಚೆ ಒಂದು ಪರೀಕ್ಷೆ ಮಾಡಿ. ಯಾರಿಗೂ ಕೆಡುಕಾಗದ ಎರಡು ಸುಳ್ಳು ಸುದ್ದಿಗಳನ್ನು ಯೋಚಿಸಿಕೊಳ್ಳಿ. ಒಂದನ್ನು ಆ ಫೋನು ಇರುವ ಕಡೆ, ನಡುಗೋಡೆಯಿಂದ ದೂರದಲ್ಲಿ ಕುಳಿತು ಆಡಿ. ಇನ್ನೊಂದನ್ನು ಫೋನುಗಳನ್ನೆಲ್ಲ ಹೊರಗಿಟ್ಟು ಹಜಾರದಲ್ಲಿ ಆಡಿ. ಯಾವುದು ತಿರುಗಿ ಬರುತ್ತದೆಯೋ ನೋಡಿ.

ಕರಿಕೋಟು ಅವರ ಉತ್ತರ:

ನಾನು ಸಿವಿಲ್ ವಕೀಲಿ ಮಾಡುವವನು. ಹುಡುಕುವ ಬಗೆಯನ್ನು ಇತರರು ಹೇಳಿದ್ದಾರೆ, ಸಿಕ್ಕ ಮೇಲೆ ಏನು ಮಾಡಬೇಕೆಂಬುದನ್ನು ನಾನು ಹೇಳುತ್ತೇನೆ. ಸಾಧನ ಕಂಡರೆ ಕಿತ್ತುಹಾಕಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ, ಅದರ ಎದುರಿನಲ್ಲಿ ‘ಸಿಕ್ಕಿತು’ ಎಂದು ಕೂಗಬೇಡಿ. ಅದು ಇರುವ ಜಾಗ, ಸುತ್ತಲಿನ ಗೋಡೆ, ದಿನಾಂಕ ಕಾಣುವಂತೆ ಬೇರೊಂದು ಫೋನಿನಲ್ಲಿ ಚಿತ್ರೀಕರಿಸಿ, ನಂತರ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿ. ಸಾಧನದಲ್ಲಿ ಸಿಮ್ ಇದ್ದರೆ ಅದು ಯಾರ ಹೆಸರಿನದು, ಅದಕ್ಕೆ ಕರೆ ಮಾಡಿದವರು ಯಾರು ಎಂಬುದನ್ನು ಪೊಲೀಸರು ದೂರವಾಣಿ ಕಂಪನಿಯಿಂದ ತರಿಸಿಕೊಳ್ಳಬಲ್ಲರು. ನೀವು ಸಿಮ್ ತೆಗೆದು ನಿಮ್ಮ ಫೋನಿಗೆ ಹಾಕಿ ನೋಡಿದರೆ ಆ ಎಳೆ ಅಲ್ಲಿಗೇ ಸಿಕ್ಕುಗಟ್ಟುತ್ತದೆ.

ಕಾನೂನಿನ ಬಗ್ಗೆ ಜನರಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಮನ್ನು ಎಲ್ಲರೂ ಹೇಳುತ್ತಾರೆ, ಆದರೆ ಅದು ಖಾಸಗಿ ಅಂಗಗಳ ಚಿತ್ರ ತೆಗೆಯುವುದಕ್ಕೆ ಸಂಬಂಧಿಸಿದ್ದು, ದನಿಗಲ್ಲ. ಫೋನಿನೊಳಗೆ ಅನುಮತಿಯಿಲ್ಲದೆ ಹೊಕ್ಕಿದ್ದರೆ ಅದೇ ಕಾಯಿದೆಯ 43 ಮತ್ತು 66ನೆಯ ಕಲಮುಗಳು ಅನ್ವಯಿಸುತ್ತವೆ. ಮೂರು ವರ್ಷದವರೆಗೆ ಸೆರೆ ಅಥವಾ ಐದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು, ಮತ್ತು ಆ ಪ್ರಕರಣಕ್ಕೆ ಹೆಸರು ಕೊಟ್ಟವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ಕರ್ನಾಟಕದವರಿಗೆ ಹೆಮ್ಮೆಯ ಸಂಗತಿ. ಹಾಗೆಂದು ಕದ್ದು ಮುದ್ರಿಸಿದ ದನಿಯನ್ನು ನ್ಯಾಯಾಲಯ ತಾನಾಗಿ ತಳ್ಳಿಹಾಕುತ್ತದೆ ಎಂದು ನೀವು ನೆಚ್ಚಿಕೊಳ್ಳುವಂತಿಲ್ಲ. ಅಕ್ರಮವಾಗಿ ಪಡೆದದ್ದು ಎಂಬ ಒಂದೇ ಕಾರಣಕ್ಕೆ ಸಾಕ್ಷ್ಯ ಬಿದ್ದುಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟು 1972ರಲ್ಲಿ ತೀರ್ಮಾನಿಸಿದ ಮಲ್ಕಾನಿ ಪ್ರಕರಣದಿಂದಲೂ ನಡೆದುಬಂದಿದೆ. ನಿಮ್ಮ ಬಲವಾದ ನೆಲೆ ಬೇರೆ: ವಕೀಲರೊಂದಿಗೆ ನೀವು ಆಡಿದ ಮಾತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮಿನ ರಕ್ಷಣೆಯಿದೆ. ಇದನ್ನು ನಿಮ್ಮ ವಕೀಲರಿಗೆ ಮನೆಯಲ್ಲಿ ಅಲ್ಲ, ಅವರ ಕಚೇರಿಗೆ ಹೋಗಿ ತಿಳಿಸಿ.

ಕಲ್ಪತರು ನಾಡು, ಹದಿನಾರು ದಿನಗಳ ನಂತರ:

ಎಲ್ಲರಿಗೂ ಕೃತಜ್ಞತೆಗಳು. ನಡೆದದ್ದನ್ನು ಹಾಗೆಯೇ ಬರೆಯುತ್ತೇನೆ.

ಹನ್ನೆರಡು ದಿನ ರೇಡಿಯೊದ ಸದ್ದನ್ನು ಬರೆದಿಟ್ಟೆ. ಒಟ್ಟು ಇಪ್ಪತ್ತೇಳು ಸಲ ಬಂತು, ಅದರಲ್ಲಿ ಹತ್ತೊಂಬತ್ತು ಸಲ ತೋಟಕ್ಕೆ ತ್ರೀಫೇಸ್ ಕರೆಂಟು ಬಂದ ಅಥವಾ ಹೋದ ನಿಮಿಷಕ್ಕೇ ಬಂತು. ಪಾಳಿಯ ಪ್ರಕಾರ ಕರೆಂಟು ಹಗಲಿನಿಂದ ರಾತ್ರಿಗೆ ಬದಲಾದ ವಾರ ಸದ್ದೂ ರಾತ್ರಿಗೆ ಹೋಯಿತು. ಆಗ ಹೊಳೆಯಿತು: ಗೋಡೆಯ ಆ ಬದಿಯಲ್ಲಿ, ಗೂಡಿನ ನೇರಕ್ಕೆ, ದೊಡ್ಡಪ್ಪನ ಮಗ ಹಿತ್ತಿಲ ಬೋರ್‌ವೆಲ್ಲಿನ ಪ್ಯಾನೆಲ್ ಪೆಟ್ಟಿಗೆ ಕೂರಿಸಿದ್ದಾನೆ. ಅದರಲ್ಲಿ ಸಿಮ್ ಹಾಕಿ ಪಂಪನ್ನು ಫೋನಿನಿಂದಲೇ ನಡೆಸುವ ಮೊಬೈಲ್ ಸ್ಟಾರ್ಟರ್ ಇದೆ. ಕರೆಂಟು ಬಂದೊಡನೆ ಅವನ ಫೋನಿಗೆ ಸಂದೇಶ ಕಳುಹಿಸುವುದು ಅದೇ. ಆ ವಿಷಯದಲ್ಲಿ ನಾನು ಅವನ ಮೇಲೆ ಪಟ್ಟ ಅನುಮಾನ ತಪ್ಪು. ಎಕ್ಸ್‌ಟೆನ್ಷನ್ ಬಾಕ್ಸುಗಳೆಲ್ಲ ತಣ್ಣಗಿದ್ದವು, ಅರಸೀಕೆರೆಯಿಂದ ಕರೆಸಿದ ವೈರ್‌ಮನ್ ಬೋರ್ಡುಗಳನ್ನೂ ತೆರೆದು ನೋಡಿದರು, ಏನೂ ಇರಲಿಲ್ಲ.

ಈ ನಡುವೆಯೇ ಎರಡು ಸುದ್ದಿಗಳ ಪರೀಕ್ಷೆಯನ್ನೂ ಮಾಡಿದೆವು. ಫೋನುಗಳನ್ನೆಲ್ಲ ಕೊಟ್ಟಿಗೆಯಲ್ಲಿಟ್ಟು, ಕೊಬ್ಬರಿಯನ್ನು ಈ ಸಲ ಅರಸೀಕೆರೆ ಮಾರುಕಟ್ಟೆಗೆ ಹಾಕುವುದಾಗಿ ಹಜಾರದಲ್ಲಿ ಮಾತಾಡಿದೆವು. ಮೂರು ದಿನ ಬಿಟ್ಟು, ನಡುಗೋಡೆಗೆ ತಾಗದ ಹಿಂದಿನ ಕೋಣೆಯಲ್ಲಿ, ಅಮ್ಮನ ಫೋನು ಪಕ್ಕದಲ್ಲಿರುವಾಗ, ಮಾಘದಲ್ಲಿ ಹಳೆಯ ಬಾವಿಯನ್ನು ಮುಚ್ಚಿಸುವುದಾಗಿ ಮಾತಾಡಿದೆವು. ನಾಲ್ಕನೆಯ ದಿನ ಅಂಗಡಿಯ ಬಳಿ ಒಬ್ಬರು ‘ಬಾವಿ ಯಾಕಪ್ಪ ಮುಚ್ಚಿಸುತ್ತೀಯ’ ಎಂದು ಕೇಳಿದರು. ಅರಸೀಕೆರೆಯ ಸುದ್ದಿ ಯಾರ ಬಾಯಲ್ಲೂ ಬರಲಿಲ್ಲ.

ಅಮ್ಮನ ಫೋನಿನಲ್ಲಿ ಆಕ್ಸೆಸಿಬಿಲಿಟಿಯ ಒಳಗೆ ನಾವ್ಯಾರೂ ಹಾಕದ ಒಂದು ಹೆಸರಿದೆ, ಅದೇ ಹೆಸರು ಮೈಕಿನ ಪಟ್ಟಿಯಲ್ಲಿ ಆ ದಿನ ಹನ್ನೊಂದು ಸಲ ಕಾಣಿಸಿತು. ಪ್ಲೇ ಪ್ರೊಟೆಕ್ಟ್ ಆಫ್ ಆಗಿದೆ. ನವರಾತ್ರಿಯಲ್ಲಿ ಬಂದಿದ್ದ ನೆಂಟರ ಹುಡುಗನೊಬ್ಬ ಫೋನು ನಿಧಾನವಾಗಿದೆ ಎಂದು ‘ಸರಿಮಾಡಿ’ ಕೊಟ್ಟಿದ್ದನ್ನು ಅಮ್ಮ ನೆನಪಿಸಿಕೊಂಡರು. ಅವನು ಯಾರ ಮಾತಿಗೆ ಹಾಗೆ ಮಾಡಿದನೋ ಇನ್ನೂ ತಿಳಿದಿಲ್ಲ. ಅದನ್ನು ಈಗಲೇ ಅಳಿಸಿಬಿಡಲೇ? ಅಮ್ಮ ಆ ಫೋನನ್ನು ಮನೆಯೊಳಗೆ ಇಡಲೂ ಒಪ್ಪುತ್ತಿಲ್ಲ.

ಕರಿಕೋಟು:

ಅಳಿಸಬೇಡಿ, ಫ್ಯಾಕ್ಟರಿ ರೀಸೆಟ್ ಅಂತೂ ಮಾಡಲೇಬೇಡಿ. ನೀವು ಕಂಡ ಮೂರೂ ಪರದೆಗಳನ್ನು ಬೇರೆ ಫೋನಿನಲ್ಲಿ ವಿಡಿಯೊ ಮಾಡಿ. ಮೈಕಿನ ಪಟ್ಟಿ ಹಲವು ಫೋನುಗಳಲ್ಲಿ 24 ಗಂಟೆ ಮಾತ್ರ ಉಳಿಯುವುದರಿಂದ ಅದನ್ನು ಇಂದೇ ಮಾಡಬೇಕು. ಬಳಿಕ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ವೈಫೈ ಆಫ್ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ, ಇಲ್ಲವಾದರೆ ದೂರದಿಂದಲೇ ಅದನ್ನು ಅಳಿಸುವ ಸಾಧ್ಯತೆಯಿದೆ. ನಾಳೆ ಬೆಳಿಗ್ಗೆ ಚಾರ್ಜರಿನೊಂದಿಗೆ ತುಮಕೂರಿನ ಸಿಇಎನ್ ಠಾಣೆಗೆ ಒಯ್ದು, ಮಹಜರಿನ ಪ್ರತಿ ಕೇಳಿ ಪಡೆಯಿರಿ. ರೇಡಿಯೊ ಪಕ್ಕದ ನೋಟ್‌ಬುಕ್ಕನ್ನೂ ಜೋಪಾನವಾಗಿಡಿ. ಆ ಹುಡುಗನನ್ನು ನೀವಾಗಿ ಏನೂ ಕೇಳಲು ಹೋಗಬೇಡಿ, ಅದು ತನಿಖಾಧಿಕಾರಿಯ ಕೆಲಸ.

ಸಂಜೆಮಲ್ಲಿಗೆ:

ಅಮ್ಮನಿಗೆ ಹೊಸ ಸಿಮ್ ಮತ್ತು ಒಂದು ಸಾದಾ ಕೀಪ್ಯಾಡ್ ಫೋನು ಕೊಡಿಸಿ. ಗೂಗಲ್ ಖಾತೆಯ ಗುಪ್ತಪದವನ್ನು ನಿಮ್ಮ ಹೆಂಡತಿಯ ಫೋನಿನಿಂದ ಬದಲಾಯಿಸಿ, ಹಳೆಯ ಫೋನಿನಿಂದಲ್ಲ. ಪ್ರವಚನಕ್ಕೆ ತಂದೆಯವರ ರೇಡಿಯೊ ಇದ್ದೇ ಇದೆಯಲ್ಲ, ಅದನ್ನು ಗೂಡಿನಿಂದ ಇಳಿಸಿ ಅವರ ಕುರ್ಚಿಯ ಪಕ್ಕಕ್ಕೆ ತಂದಿಡಿ. ಅಲ್ಲಿ ಪ್ಯಾನೆಲ್ ಪೆಟ್ಟಿಗೆಯ ಸದ್ದೂ ಬರುವುದಿಲ್ಲ.